ದೀಪದ ಸುತ್ತ ಅತ್ತೆ ಕಂಡ ಬಳೆ

ಕಿರ್ರ್ರ್... ಟಕ್. ಮತ್ತೆ ಕಿರ್ರ್ರ್... ಟಕ್. ನಮ್ಮ ಕೊಳ್ಳೇಗಾಲದ ಮನೆಯಲ್ಲಿ ನನಗೆ ಬೆಳಗಾಗುತ್ತಿದ್ದದ್ದು ಈ ಸದ್ದಿಗೆ. ರೇಷ್ಮೆ ನೂಲನ್ನು ಸಣ್ಣ ಕೊಳವೆಗಳಿಗೆ ಸುತ್ತುವ ರಾಟೆಯ ಸದ್ದು ಅದು. ‘ಕಿರ್ರ್’ ಎಂದರೆ ಎಳೆ ಸರಾಗವಾಗಿ ಬರುತ್ತಿದೆ. ‘ಟಕ್’ ಎಂದರೆ ಎಳೆ ತುಂಡಾಗಿದೆ, ಅತ್ತೆ ಅಂಗೈಯಿಂದ ಚಕ್ರ ನಿಲ್ಲಿಸಿದ್ದಾಳೆ. ಆಮೇಲೆ ಒಂದು ಗಳಿಗೆ ಏನೂ ಕೇಳಿಸದು. ಅಷ್ಟರಲ್ಲಿ ಅವಳು ಕೂದಲಿಗಿಂತ ಸಣ್ಣ ತುದಿಯನ್ನು ಹುಡುಕಿ, ನಾಲಗೆಗೆ ಬೆರಳು ತಾಕಿಸಿ, ಎರಡು ತುದಿ ಕೂಡಿಸಿ ಹೊಸೆದಾಗಿರುತ್ತಿತ್ತು. ನಾನು ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರೂ ಕಾಣದ ಎಳೆ, ಅವಳಿಗೆ ಹಿಂದಿನ ಕೋಣೆಯ ಮಬ್ಬಿನಲ್ಲೂ ಕಾಣುತ್ತಿತ್ತು.

ಅಂಥ ಕಣ್ಣು ಹೋಯಿತು. ಹೋಗುವ ಮುನ್ನ ಎರಡು ವರ್ಷ ಅದು ಸೂಚನೆ ಕೊಡುತ್ತಲೇ ಇತ್ತು. ಆ ಸೂಚನೆಯನ್ನು ಅತ್ತೆ ನನಗೇ ಹೇಳಿದ್ದಳು. ನಾನು ಬಿ.ಎಸ್ಸಿ. ಓದಿದವಳು, ಹೈಸ್ಕೂಲಿನ ಸೈನ್ಸ್ ಟೀಚರ್, ಅದನ್ನು ಮಕ್ಕಳ ಪುಸ್ತಕದಲ್ಲಿ ಒಂದು ಚಂದದ ಪಾಠವಾಗಿ ಬರೆದುಬಿಟ್ಟೆ. ಈಗ ನನಗೂ ಎಂಬತ್ತು ದಾಟಿದೆ. ಕ್ಯಾಟರಾಕ್ಟ್ ತೋರಿಸಲು ಹೋದಾಗಲೆಲ್ಲ ಡಾಕ್ಟರು ಕೇಳುವ ಮೊದಲ ಪ್ರಶ್ನೆಗೆ ನನ್ನ ಎದೆ ಈಗಲೂ ಒಮ್ಮೆ ನಿಂತು ಹೊಡೆದುಕೊಳ್ಳುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಯಳಂದೂರಿಗೆ ಕೊಟ್ಟಿದ್ದರು. ಗಂಡ ತೀರಿದ ಮೇಲೂ ಅಲ್ಲೇ ಮೈದುನನ ಸಂಸಾರದ ಜೊತೆಗಿದ್ದಳು. ನನಗೆ ನಾಲ್ಕು ವರ್ಷವಾದಾಗ ನನ್ನ ತಾಯಿ ಹೋದರು. ಅತ್ತೆ ಒಂದು ಟ್ರಂಕು ಹಿಡಿದು ನನ್ನನ್ನು ಸಾಕಲು ಕೊಳ್ಳೇಗಾಲಕ್ಕೆ ಬಂದಳು. ತಂದೆಗೆ ರೇಷ್ಮೆ ನೂಲಿನ ವ್ಯಾಪಾರ. ಮಗಳನ್ನು ಮೈಸೂರಿನ ಕಾನ್ವೆಂಟಿಗೆ ಸೇರಿಸುವ ಯೋಚನೆ ಅವರದಲ್ಲ, ಅತ್ತೆಯದು. ಮೈಸೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಒಮ್ಮೆ ಬಿಳಿಯುಡುಪಿನ ಸಿಸ್ಟರ್ ಒಬ್ಬರು ಟಿಕೆಟ್ ಕ್ಲರ್ಕಿನ ಜೊತೆ ಇಂಗ್ಲಿಷಿನಲ್ಲಿ ಜಗಳವಾಡಿ ಗೆದ್ದದ್ದನ್ನು ಅವಳು ನೋಡಿದ್ದಳಂತೆ.

“ನನ್ ಮಗೀನೂ ಅಂಗ ಜಗ್ಳ ಆಡ್ಬೇಕು. ಸೀರ ಸೆರಗು ಜಗ್ಗಾಡ್ದೆ, ನಿಂತ್ಕಂಡು, ಮೆಲ್ಗ,” ಎಂದು ತಂದೆಗೆ ಹೇಳಿದಳು. ಮಾತು ಅಲ್ಲಿಗೆ ಮುಗಿಯಿತು.

ಐವತ್ತಾರರಲ್ಲಿ ನಾನು ಬೋರ್ಡಿಂಗಿನಿಂದ ರಜಕ್ಕೆ ಬಂದಾಗ ನಮ್ಮ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ಬೀದಿಯಲ್ಲೆಲ್ಲ ಅದೇ ಮಾತು. ಅತ್ತೆ ರಾಟೆ ಬಿಟ್ಟು ಏಳಲಿಲ್ಲ. “ನಾ ಕುಂತ ಮಣೆ ಮ್ಯಾಲೇ ಕುಂತಿವ್ನಿ. ಊರೇ ಎದ್ದೋಗಿ ಬ್ಯಾರೆ ರಾಜ್ಯ ಸೇರ್ಕತು ನೋಡು. ಇನ್ ಮ್ಯಾಲ ನೀನು ಪರದೇಶಕ್ಕ ಓದಕ್ಕೋಗವಳು ಅಂತ ಜಂಬ ಕೊಚ್ಕಳಂಗಿಲ್ಲ,” ಎಂದಳು.

ಅರವತ್ತರ ದಶಕದ ನಡುವಿನಲ್ಲಿ ನಾನು ಡಿಗ್ರಿ ಮುಗಿಸಿ ಊರಿಗೆ ಮರಳಿ, ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಹಳೆಯ ಮದರಾಸಿನ ಪುಸ್ತಕಗಳು ಮೂಲೆ ಸೇರಿದ್ದವು. ಹೊಸದಾಗಿ ಬಂದ ಪುಸ್ತಕಗಳಲ್ಲಿದ್ದ ಕನ್ನಡ ಹೇಗಿತ್ತೆಂದರೆ, ಮಕ್ಕಳು ಅದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ‘ವಿದ್ಯುದಾವೇಶ’ ಎಂದರೇನು ಎಂದು ಕೇಳಿದರೆ ಒಬ್ಬಳು “ಮೈ ಮೇಲೆ ಬರೋದು ಮಿಸ್” ಎಂದಳು. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ. ಆ ಸಂಜೆಯೇ ಒಂದು ನೋಟ್‌ಬುಕ್ಕಿನ ಮೇಲೆ ‘ಅಯಸ್ಕಾಂತ, ವಿದ್ಯುತ್ತು, ಬೆಳಕು’ ಎಂದು ಬರೆದು, ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ತಿಳಿಯುವಂಥ ಒಂದು ಪುಟ್ಟ ಪುಸ್ತಕ ಬರೆಯುವುದೆಂದು ತೀರ್ಮಾನಿಸಿದೆ.

ಅತ್ತೆಗೆ ಎರಡನೇ ಕ್ಲಾಸಿನ ಓದು. ಬರೆದ ಪ್ರತಿ ಪುಟವನ್ನೂ ಅವಳಿಗೆ ಓದಿ ಹೇಳುವುದು, ಅವಳಿಗೆ ತಿಳಿಯದ ವಾಕ್ಯವನ್ನು ಹೊಡೆದುಹಾಕುವುದು, ಇದು ನಾನೇ ಮಾಡಿಕೊಂಡ ರೂಲ್. ಅವಳು ರಾಟೆ ತಿರುಗಿಸುತ್ತಲೇ ಕೇಳುತ್ತಿದ್ದಳು. ಚಕ್ರ ನಿಂತರೆ ಎಳೆ ತುಂಡಾಗಿದೆ, ಇಲ್ಲವೆ ನನ್ನ ವಾಕ್ಯ ಕೆಟ್ಟಿದೆ.

ಅಯಸ್ಕಾಂತದ ಅಧ್ಯಾಯಕ್ಕೆ ನಮಗೆ ಸಿಕ್ಕಿದ್ದು ಕೆಟ್ಟ ರೇಡಿಯೋದ ಸ್ಪೀಕರಿನೊಳಗಿನ ಮ್ಯಾಗ್ನೆಟ್. ಅತ್ತೆ ಮೊದಲು ಅದನ್ನು ತನ್ನ ಕಿವಿಯೋಲೆಗೆ ಹಿಡಿದಳು, ಅಂಟಲಿಲ್ಲ. ಜರಿ ಉಂಡೆಗೆ ಹಿಡಿದಳು, ಅಂಟಲಿಲ್ಲ. ನೆಲಕ್ಕೆ ಬಿದ್ದಿದ್ದ ಸೂಜಿ ಓಡಿಬಂದು ಅಂಟಿತು.

“ಚಿನ್ನ ಬ್ಯಾಡ ಅಂತದ, ಬೆಳ್ಳಿ ಬ್ಯಾಡ ಅಂತದ, ಕಬ್ಬಿಣ ಕಂಡ್ರ ತಬ್ಕತದ. ಎಂಥ ಬಡವ್ರ ಕಲ್ಲು ಮಗಾ ಇದು!”

ಮ್ಯಾಗ್ನೆಟ್ಟನ್ನು ಎರಡು ತುಂಡು ಮಾಡಿದರೆ ಉತ್ತರ ಒಂದು ಕಡೆ, ದಕ್ಷಿಣ ಒಂದು ಕಡೆ ಆಗುವುದಿಲ್ಲ, ಒಂದೊಂದು ತುಂಡಿನಲ್ಲೂ ಮತ್ತೆ ಎರಡೂ ಇರುತ್ತವೆ ಎಂದು ಓದಿದೆ. ಅತ್ತೆ ತಲೆಯಾಡಿಸಿದಳು. “ಗೊತ್ತು ಬುಡು. ಅತ್ತ ಸೊಸ ಆಗಲ್ಲ ಅಂತ ಮನ ಎರಡು ಮಾಡುದ್ರ, ಎರಡು ಮನಲೂ ಒಬ್ಬೊಬ್ಬಳು ಅತ್ತ, ಒಬ್ಬೊಬ್ಬಳು ಸೊಸ ಉಟ್ಕತಾರ.” ಈ ವಾಕ್ಯವನ್ನು ನಾನು ಪುಸ್ತಕಕ್ಕೆ ಹಾಕಲಿಲ್ಲ. ಹಾಕಬೇಕಿತ್ತು.

ವಿದ್ಯುತ್ತಿನ ಅಧ್ಯಾಯದಲ್ಲಿ ನಾನು ಮುಖಭಂಗ ಅನುಭವಿಸಿದೆ. ಗಾಜಿನ ಕಡ್ಡಿಯನ್ನು ರೇಷ್ಮೆ ಬಟ್ಟೆಯಿಂದ ಉಜ್ಜಿದರೆ ಅದು ಕಾಗದದ ಚೂರುಗಳನ್ನು ಎಳೆದುಕೊಳ್ಳುತ್ತದೆ. ಕಾನ್ವೆಂಟಿನ ಲ್ಯಾಬಿನಲ್ಲಿ ಕರವಸ್ತ್ರದಷ್ಟು ರೇಷ್ಮೆಯನ್ನು ಮದರ್ ಒಂದು ಡಬ್ಬಿಯಲ್ಲಿ ಬೀಗ ಹಾಕಿಡುತ್ತಿದ್ದರು. ನಮ್ಮ ಮನೆಯಲ್ಲಿ ಕಾಲಿಗೆ ಸಿಗುವಷ್ಟು ರೇಷ್ಮೆ. ಅತ್ತೆ ಕೊಟ್ಟ ತುಂಡು ಹಿಡಿದು ಕ್ಲಾಸಿನಲ್ಲಿ ಉಜ್ಜಿದೆ, ಉಜ್ಜಿದೆ, ಒಂದು ಚೂರೂ ಏಳಲಿಲ್ಲ. ಮನೆಗೆ ಬಂದು ಕಡ್ಡಿಯನ್ನು ಮೂಲೆಗೆ ಎಸೆದೆ.

ಅತ್ತೆ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದಳು. “ತಣ್ಗ ಅದ. ನೀರ್ ಚುಮುಕ್ಸೋ ಕೋಣೇದು ಕೊಟ್ಬುಟ್ಟಿ ನಿಂಗ.”

ಎಳೆ ತುಂಡಾಗಬಾರದೆಂದು ನಮ್ಮಲ್ಲಿ ನೂಲಿನ ಕೋಣೆಯ ನೆಲಕ್ಕೆ ದಿನವೂ ನೀರು ಚಿಮುಕಿಸುವುದು ರೂಢಿ. ನೀರಿಗೂ ಇದಕ್ಕೂ ಏನು ಸಂಬಂಧ ಎಂದೆ.

“ಶಿವರಾತ್ರಿ ಕಳ್ದ್ ಮ್ಯಾಲ ಒಣಗಾಳಿ ಬೀಸ್ತದಲ್ಲ, ಆಗ ಎಳೆ ಕೈಗ ಅಂಟ್ಕತದ, ಒಂದಕ್ಕೊಂದು ದೂರ ಓಡ್ತವ, ಕೈ ರೋಮ ಎದ್ ನಿಂತ್ಕತದ. ಆ ಕಾಟಕ್ಕೇ ಅಲ್ವಾ ನಾವು ನೀರ್ ಚುಮುಕ್ಸೋದು? ನಿನ್ ಕರೆಂಟು ಅದೇ ಇರ್ಬೇಕು ಕಣ.”

ಸ್ಥಾಯೀ ವಿದ್ಯುತ್ತನ್ನು ನಮ್ಮ ಬೀದಿಯ ಹೆಂಗಸರು ತಲೆತಲಾಂತರದಿಂದ ಬಲ್ಲರು, ಬಿಂದಿಗೆ ನೀರಿನಿಂದ ಅದನ್ನು ದಿನವೂ ಇಳಿಸುತ್ತಾರೆ! ಬಟ್ಟೆಯನ್ನು ಮಧ್ಯಾಹ್ನದ ಬಿಸಿಲಲ್ಲಿ ಒಣಗಿಸಿ ಮತ್ತೆ ಉಜ್ಜಿದೆವು. ಕಾಗದದ ಚೂರುಗಳು ಸೊಳ್ಳೆಗಳಂತೆ ಎದ್ದವು. ಅಂದಿನಿಂದ ನನಗೆ ಅತ್ತೆಯ ನೋಟದ ಮೇಲೆ ಗುರುಭಕ್ತಿಯೇ ಬಂದುಬಿಟ್ಟಿತು. ಅವಳು ಏನನ್ನು ನೋಡಿದೆ ಎಂದರೂ ಅದು ಹೊರಗೆ ಇದ್ದೇ ಇರುತ್ತದೆ ಎಂದು ನಂಬಿದೆ. ಅದೇ ನನ್ನ ತಪ್ಪಿನ ಬೇರು.

ನಮ್ಮ ಕಡೆ ಸಂಜೆ ಕರೆಂಟಿನ ಬಲ್ಬು ಹಾಕಿದಾಗಲೂ ದೇವರ ದೀಪ ಹಚ್ಚಿದಂತೆಯೇ ಕೈಮುಗಿಯುತ್ತಾರೆ. ಸ್ವಿಚ್ ಒತ್ತುವುದು, ಬಲ್ಬಿನ ಕಡೆ ತಿರುಗಿ ಕೈಮುಗಿಯುವುದು, ಕೆನ್ನೆಗೆ ಒತ್ತಿಕೊಳ್ಳುವುದು. ಕಾನ್ವೆಂಟಿನಿಂದ ಬಂದ ಹೊಸತರಲ್ಲಿ ನನಗೆ ಇದು ತಮಾಷೆಯಾಗಿತ್ತು. ಅತ್ತೆ ಕೈಮುಗಿದು ಬಲ್ಬನ್ನೇ ನೋಡುತ್ತ ನಿಲ್ಲುತ್ತಿದ್ದಳು. ಬೆಳಕಿನ ಅಧ್ಯಾಯ ಶುರು ಮಾಡಿದ ದಿನಗಳವು. ಒಂದು ಸೋಮವಾರ ಸಂಜೆ ಹಾಗೆ ನಿಂತವಳು ಹೇಳಿದಳು:

“ಇವತ್ತೂ ಕಾಣ್ತಾ ಅದ ನೋಡು, ಪ್ರಭಾವಳಿ.”

“ಯಾವ ಪ್ರಭಾವಳಿ ಅತ್ತೆ?”

“ದೀಪದ ಸುತ್ತ. ಬಳೆ ತೊಡ್ಸಿದಂಗ, ಬಣ್ಣ ಬಣ್ಣ. ನಿಂಗ ಕಾಣಲ್ವಾ?”

ನಾನು ನೋಡಿದೆ. ಬಲ್ಬು ಕಂಡಿತು, ಅದರ ತಂತಿ ಕಂಡಿತು. ಬಳೆ ಕಾಣಲಿಲ್ಲ.

“ದಪ್ಪ ಗಾಜು ಹಾಕ್ಕಂಡಿದ್ದೀಯಲ್ಲ, ಎಲ್ ಕಂಡದು? ದಿನಾ ಬರಲ್ಲ ಅದು. ಸ್ವಾಮಾರ ಚೆನ್ನಾಗ್ ಬತ್ತದ. ಮಾದಪ್ಪನ ದಿನ ಅಲ್ವಾ?”

ಬೆಟ್ಟದ ದೇವರು ಮಾದಪ್ಪನಿಗೆಂದು ಸೋಮವಾರ ಅವಳಿಗೆ ಉಪವಾಸ. ರಾಟೆ ಮುಟ್ಟದೆ, ಕಿಟಕಿಯಿಲ್ಲದ ದೇವರ ಕೋಣೆಯಲ್ಲಿ ಒಂದು ಹಣತೆಯ ಮುಂದೆ ಸಂಜೆಯವರೆಗೆ ಕೂರುತ್ತಿದ್ದಳು. ಕತ್ತಲಲ್ಲಿ ಹೆಚ್ಚು ಹೊತ್ತು ಕೂತರೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಕೆಲವರ ಕಣ್ಣಿನಲ್ಲಿ ಆಗ ಒಳಗಿನ ನೀರು ಹೊರಹೋಗುವ ದಾರಿ ಮುಚ್ಚಿ ಒತ್ತಡ ಏರುತ್ತದೆ. ಇದು ನನಗೆ ಈಗ ಗೊತ್ತು. ಆಗ ಅವಳು ಅದನ್ನು ಮಾದಪ್ಪನ ದಯೆ ಎಂದುಕೊಂಡಳು, ನಾನು ಫಿಸಿಕ್ಸ್ ಎಂದುಕೊಂಡೆ.

ಮುಂದಿನ ಸೋಮವಾರ ಸಂಜೆ ನಾನು ನೋಟ್‌ಬುಕ್ಕು ತೆಗೆದುಕೊಂಡು ಕುಳಿತೆ. ಬಳೆಯ ಒಳಗಿನ ಅಂಚಿಗೆ ಯಾವ ಬಣ್ಣ? ನೀಲಿ. ಹೊರಗಿನ ಅಂಚಿಗೆ? ಕೆಂಪು. ನನ್ನ ಕಾಲೇಜಿನ ಪುಸ್ತಕದಲ್ಲಿ, ತೆಳುಮೋಡದ ಹನಿಗಳ ಮೂಲಕ ನೋಡಿದಾಗ ಚಂದ್ರನ ಸುತ್ತ ಕಾಣುವ ಬಣ್ಣದ ಉಂಗುರಕ್ಕೂ ಇದೇ ಕ್ರಮ ಕೊಟ್ಟಿದ್ದರು. ಎರಡನೇ ಕ್ಲಾಸು ಓದಿದ ಹೆಂಗಸು ತಾನೇ ತಾನಾಗಿ ಅದನ್ನು ಸರಿಯಾಗಿ ಹೇಳುತ್ತಿದ್ದಾಳೆ! ಆ ಸಂತೋಷದಲ್ಲಿ ಇನ್ನೂ ಒಂದು ಹೆಜ್ಜೆ ಹೋದೆ. ಎಡಗಣ್ಣು ಮುಚ್ಚಿಸಿ ನೋಡಿಸಿದೆ, ಬಳೆ ಇತ್ತು. ಬಲಗಣ್ಣು ಮುಚ್ಚಿಸಿ ನೋಡಿಸಿದೆ, ಆಗಲೂ ಇತ್ತು. ತಾರೀಕು ಹಾಕಿ ‘ಎರಡು ಕಣ್ಣಲ್ಲೂ ಒಂದೇ ಸಮ’ ಎಂದು ಬರೆದು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಪರ್ಫೆಕ್ಟ್ ಅಬ್ಸರ್ವೇಷನ್’ ಎಂದು ಅಡಿಗೆರೆ ಎಳೆದೆ.

ಒಂದೇ ಹಜಾರ, ಒಂದೇ ಬಲ್ಬು, ಒಂದೇ ಗಳಿಗೆ. ಇಬ್ಬರು ನಿಂತಿದ್ದಾರೆ. ಒಬ್ಬಳಿಗೆ ಕಾಣುತ್ತದೆ, ಇನ್ನೊಬ್ಬಳಿಗೆ ಕಾಣುವುದಿಲ್ಲ. ಹಾಗಾದರೆ ಇಬ್ಬರ ನಡುವೆ ಬೇರೆ ಇರುವುದು ಏನು? ಕಣ್ಣು. ಅಷ್ಟೇ. ಇದನ್ನು ಐದನೇ ಕ್ಲಾಸಿನ ಹುಡುಗಿ ಹೇಳುತ್ತಾಳೆ. ‘ಪ್ರಯೋಗದಲ್ಲಿ ಒಂದು ಬಾರಿಗೆ ಒಂದನ್ನೇ ಬದಲಿಸಿ ನೋಡಿ’ ಎಂದು ನಾನೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೆ.

ಪುಸ್ತಕದಲ್ಲಿ ನಾನು ಬರೆದದ್ದು ಇದು: “ಮಕ್ಕಳೇ, ಸಂಜೆ ದೀಪ ಹಚ್ಚಿದಾಗ ಅದರ ಸುತ್ತ ಗಮನವಿಟ್ಟು ನೋಡಿ. ತಾಳ್ಮೆಯಿರುವ ಕಣ್ಣಿಗೆ ಬಣ್ಣದ ಒಂದು ಬಳೆ ಕಾಣುತ್ತದೆ. ಗಾಳಿಯಲ್ಲಿರುವ ನೀರಿನ ಸೂಕ್ಷ್ಮ ಹನಿಗಳು ಬಿಳಿಯ ಬೆಳಕನ್ನು ಬಿಡಿಸಿ ಹೀಗೆ ತೋರಿಸುತ್ತವೆ.” ನೂಲಿನ ಕೋಣೆಗೆ ನೀರು ಚಿಮುಕಿಸುವ ನಮ್ಮ ಮನೆಯಲ್ಲಿ ಹನಿಗಳಿಗೇನು ಬರ ಎಂದು ನನ್ನ ತರ್ಕ. ಅತ್ತೆಗೆ ಓದಿ ಹೇಳಿದೆ. ಅವಳು ಚಕ್ರ ನಿಲ್ಲಿಸಿ ಎರಡು ಸಲ ಓದಿಸಿದಳು.

“ತಾಳ್ಮೆ ಇರೋ ಕಣ್ಣು ಅಂದ್ರ ನಂದಾ?”

“ನಿನ್ನದೇ ಅತ್ತೆ.”

“ನನ್ ಎಸ್ರು ಆಕ್ಬ್ಯಾಡ. ಕಣ್ಣು ಮಾತ್ರ ಇರ್ಲಿ,” ಎಂದು ನಕ್ಕಳು.

ಕ್ಲಾಸಿನಲ್ಲಿ ಇದನ್ನೇ ಹೋಮ್‌ವರ್ಕ್ ಕೊಟ್ಟೆ. ಮರುದಿನ ಎಲ್ಲರೂ ಕೈಯೆತ್ತಿ “ಕಂಡ್ತು ಮಿಸ್” ಎಂದರು. ಮುಳ್ಳೂರಿನಿಂದ ನಡೆದು ಬರುತ್ತಿದ್ದ ಒಬ್ಬಳು ಮಾತ್ರ ಕೈಯೆತ್ತಲಿಲ್ಲ. “ನಂಗೇನೂ ಕಾಣ್ನಿಲ್ಲ ಮಿಸ್. ನಮ್ಮವ್ವಂಗೂ ತೋರಿಸ್ದಿ, ಅವ್ಳ್ಗೂ ಕಾಣ್ನಿಲ್ಲ,” ಎಂದಳು. ಇಡೀ ಕ್ಲಾಸಿನಲ್ಲಿ ಪ್ರಯೋಗ ಮಾಡಿದ್ದವಳು ಅವಳೊಬ್ಬಳೇ. ನಾನು ಸಿಸ್ಟರುಗಳ ದನಿಯಲ್ಲಿ “ಅಬ್ಸರ್ವ್ ಪ್ರಾಪರ್ಲಿ” ಎಂದು ಹೇಳಿ ಕೂರಿಸಿದೆ. ನನಗೂ ಕಂಡಿರಲಿಲ್ಲ ಎಂದು ಹೇಳಲಿಲ್ಲ.

ಹೀಗೆ ಎರಡು ವರ್ಷ. ಅತ್ತೆ ಕೆಲವು ಸಂಜೆ ಹುಬ್ಬಿನ ಮೇಲೆ ಶುಂಠಿ ತೇಯ್ದು ಹಚ್ಚಿಕೊಳ್ಳುತ್ತಿದ್ದಳು. ಪಿತ್ತ ಎನ್ನುತ್ತಿದ್ದಳು, ಮಲಗಿ ಎದ್ದರೆ ಇಳಿಯುತ್ತಿತ್ತು. ಪುಸ್ತಕ ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಅಚ್ಚಾಗಿ ಬಂತು. ಅತ್ತೆ ಅದನ್ನು ಮೂಗಿಗೆ ಹಿಡಿದು ಮಸಿಯ ವಾಸನೆ ನೋಡಿ, ಬೆಳಕಿನ ಪುಟಕ್ಕೆ ಒಂದು ರೇಷ್ಮೆ ಎಳೆ ಗುರುತಿಟ್ಟಳು. ತಾಲ್ಲೂಕಿನ ಬೇರೆ ಶಾಲೆಗಳವರೂ ಕೆಲವು ಪ್ರತಿ ಕೇಳಿ ತರಿಸಿಕೊಂಡರು.

ಒಂದು ಮಂಗಳವಾರ ಬೆಳಗ್ಗೆ ರಾಟೆಯ ಸದ್ದು ಕೇಳಲಿಲ್ಲ. ಅತ್ತೆ ಗೋಡೆಗೊರಗಿ ಕುಳಿತಿದ್ದಳು. ಬಲಗಣ್ಣು ಕೆಂಡದಂತಿತ್ತು. ಹಿಂದಿನ ಸಂಜೆಯಿಂದ ವಾಂತಿ, ತಲೆ ಸಿಡಿಯುತ್ತಿದೆ, ನನ್ನನ್ನು ಯಾಕೆ ಎಬ್ಬಿಸುವುದೆಂದು ಸುಮ್ಮನಿದ್ದಳಂತೆ. ಪಿತ್ತದ ಕಷಾಯ, ತಲೆಗೆ ಹರಳೆಣ್ಣೆ, ಇದರಲ್ಲೇ ಮೂರು ದಿನ ಹೋಯಿತು. ಹನೂರಿನಲ್ಲಿ ಕಣ್ಣಿನ ಕ್ಯಾಂಪ್ ನಡೆಯುವುದು ಶನಿವಾರ ಎಂದು ಶಾಲೆಯಲ್ಲಿ ಗೊತ್ತಾಯಿತು. ನಮ್ಮ ಹುಡುಗಿಯರೇ ವಾಲಂಟಿಯರ್ಸ್. ಅತ್ತೆಯನ್ನು ಬಸ್ಸಿಗೆ ಹತ್ತಿಸಿದೆ. ಕಾಮಗೆರೆ ದಾಟುವಾಗ ಅವಳು ಒಂದು ಕಣ್ಣನ್ನು ಸೆರಗಿನಿಂದ ಮುಚ್ಚಿಕೊಂಡು ಇನ್ನೊಂದರಿಂದ ಗದ್ದೆ ನೋಡುತ್ತ, “ಇದೊಂದ್ ಇದ್ರೂ ಸಾಕು, ರಾಟೆ ನಡೀತದ,” ಎಂದಳು.

ಕ್ಯಾಂಪಿನ ಶಾಲೆಯಂಗಳದಲ್ಲಿ ಬೆಟ್ಟದ ಹಾಡಿಗಳವರು, ಅಜ್ಜೀಪುರದ ಕಡೆಯ ರೈತರು ಸಾಲಾಗಿ ಕೂತಿದ್ದರು. ಡಾಕ್ಟರು ಮೈಸೂರಿನವರು, ವಯಸ್ಸಾದವರು. ನನ್ನ ಹೆಡ್‌ಮಿಸ್ಟ್ರೆಸ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಚೀಟಿ ಬರೆಯುತ್ತಿದ್ದರು. ನನ್ನ ಕ್ಲಾಸಿನ ನಾಲ್ಕೈದು ಹುಡುಗಿಯರು ಸುತ್ತ ನಿಂತಿದ್ದರು. ಡಾಕ್ಟರು ಅತ್ತೆಯ ಮುಚ್ಚಿದ ರೆಪ್ಪೆಗಳ ಮೇಲೆ ಎರಡು ಬೆರಳಿಟ್ಟು ಮಾವಿನಕಾಯಿ ಒತ್ತಿ ನೋಡುವಂತೆ ಮೃದುವಾಗಿ ಒತ್ತಿದರು. ಅವರ ಮುಖ ಬದಲಾಯಿತು.

“ದೀಪ ನೋಡಿದಾಗ ಸುತ್ತ ಬಣ್ಣದ ಬಳೆ ಥರ ಏನಾದರೂ ಕಾಣ್ತಿತ್ತೇನಮ್ಮಾ?”

ನಾನು ಅತ್ತೆಯ ಕೈ ಹಿಡಿದು ನಿಂತಿದ್ದೆ.

“ಕಾಣ್ತಿತ್ತು ಸಾ.”

“ಎಷ್ಟು ದಿವಸದಿಂದ?”

ಅತ್ತೆ ನನ್ನ ಕಡೆ ಮುಖ ತಿರುಗಿಸಿದಳು. “ನಾಕ್ ದಿನದಿಂದ ಸಾ.”

“ಎರಡೂ ಕಣ್ಣಲ್ಲೋ?”

“ಇಲ್ಲ ಸಾ. ಈ ನೋಯ್ತಿರೋದ್ರಲ್ಲಿ ಮಾತ್ರ.”

ಡಾಕ್ಟರು ತಲೆಯೆತ್ತಿ ನನ್ನನ್ನು ನೋಡಿದರು. “ನೀವು ಮನೆಯವರಾ? ಇವರು ಹೇಳ್ತಿರೋದು ಸರಿ ತಾನೆ? ಎಡಗಣ್ಣಲ್ಲೂ ತಿಂಗಳುಗಟ್ಟಲೆ ಬಳೆ ಕಂಡಿದ್ದರೆ ವಿಷಯ ಬೇರೆ. ಈ ವಾರವೇ ಮೈಸೂರಿಗೆ ಕರೆದೊಯ್ದು ಆಪರೇಷನ್ ಮಾಡಬೇಕಾಗುತ್ತದೆ.”

ಒಬ್ಬ ಹುಡುಗಿ ಉತ್ಸಾಹದಿಂದ, “ಅವ್ರು ನಮ್ ಸೈನ್ಸ್ ಮಿಸ್ಸು ಸಾ, ಬೆಳಕಿನ್ ಬಗ್ಗೆ ಪುಸ್ತಕ ಬರ್ದವ್ರೆ,” ಎಂದಳು. ಡಾಕ್ಟರು ನಕ್ಕರು. “ಹಾಗಾದರೆ ನಿಮಗೆ ಸುಲಭವಾಗಿ ಅರ್ಥವಾಗುತ್ತೆ. ಒತ್ತಡಕ್ಕೆ ಕಣ್ಣಿನ ಮುಂಪದರದಲ್ಲಿ ನೀರು ಸೇರಿಕೊಂಡು ಸೂಕ್ಷ್ಮ ಹನಿಗಳಾಗುತ್ತೆ. ಬೆಳಕು ಅದರ ಮೂಲಕ ಬಂದಾಗ ಬಣ್ಣ ಬಿಡುತ್ತೆ.”

ಹನಿಗಳು ಗಾಳಿಯಲ್ಲಿರಲಿಲ್ಲ. ನನ್ನ ಬ್ಯಾಗಿನಲ್ಲಿ ಆ ನೋಟ್‌ಬುಕ್ಕು ಇತ್ತು. ಎರಡು ಕಣ್ಣಲ್ಲೂ ಒಂದೇ ಸಮ ಎಂದು, ತಾರೀಕಿನ ಸಮೇತ, ಇತ್ತು. ಅದನ್ನು ತೆಗೆದು ಅವರ ಕೈಗೆ ಕೊಡಲು ಅರ್ಧ ನಿಮಿಷ ಸಾಕಿತ್ತು. ಹೆಡ್‌ಮಿಸ್ಟ್ರೆಸ್ ಪೆನ್ನು ಎತ್ತಿಕೊಂಡು ಕಾಯುತ್ತಿದ್ದರು. ಹುಡುಗಿಯರು ನನ್ನ ಬಾಯನ್ನೇ ನೋಡುತ್ತಿದ್ದರು. ಅವರೆಲ್ಲ ನನ್ನ ಮಾತಿಗೆ “ಕಂಡ್ತು ಮಿಸ್” ಎಂದಿದ್ದವರು.

ನಾನು ಸರಿ ಎಂದು ತಲೆಯಾಡಿಸಿದೆ.

ಬಲಗಣ್ಣು ಉಳಿಯುವುದು ಕಷ್ಟ, ಎಡಗಣ್ಣಿಗೆ ಮುಂಜಾಗ್ರತೆಗೆ ಈ ಡ್ರಾಪ್ಸ್ ಹಾಕಿ, ಒಂದು ತಿಂಗಳು ನೋಡಿ ಮೈಸೂರಿಗೆ ಬನ್ನಿ ಎಂದು ಬರೆದುಕೊಟ್ಟರು. ಜನ ಚದುರಿದ ಮೇಲೆ ಒಬ್ಬಳೇ ಹೋಗಿ ಹೇಳೋಣ ಎಂದುಕೊಂಡೆ. ಸಾಲು ಕರಗಲಿಲ್ಲ. ಕೊನೆಯ ಬಸ್ಸು ಹಾರ್ನ್ ಮಾಡುತ್ತಿತ್ತು. ಮನೆಗೆ ಹೋಗಿ ಕಾಗದ ಬರೆಯುತ್ತೇನೆ ಎಂದುಕೊಂಡೆ. ಕಾಗದ ಬರೆದೆ, ಮೂರು ಸಲ ಬರೆದೆ, ಇಂಗ್ಲಿಷಿನಲ್ಲಿ, ಒಳ್ಳೆಯ ಇಂಗ್ಲಿಷಿನಲ್ಲಿ. ಒಂದನ್ನೂ ಪೋಸ್ಟ್ ಮಾಡಲಿಲ್ಲ. ಡ್ರಾಪ್ಸ್ ಹಾಕಿದಾಗ ಎಡಗಣ್ಣಿನ ಬಳೆ ನಿಂತಿತು ಎಂದು ಅತ್ತೆ ಹೇಳಿದಳು. ಗುಣವಾಗುತ್ತಿದೆ ಎಂದು ನಾನು ಸಮಾಧಾನ ಮಾಡಿಕೊಂಡೆ. ತಿಂಗಳು ಎಂದದ್ದು ಹಬ್ಬ ಕಳೆಯಲಿ, ಪರೀಕ್ಷೆ ಮುಗಿಯಲಿ ಎಂದು ಮೂರು ತಿಂಗಳಾಯಿತು. ಅಷ್ಟರಲ್ಲಿ ಅತ್ತೆ ಎಳೆ ಕೂಡಿಸುವಾಗ ತುದಿ ತಪ್ಪುತ್ತಿದ್ದಳು. ಬಾಗಿಲ ಅಂಚಿಗೆ ಭುಜ ತಾಕಿಸಿಕೊಳ್ಳುತ್ತಿದ್ದಳು. ಅಂಚಿನಿಂದ ಒಳಕ್ಕೆ ನೋಟ ಸದ್ದಿಲ್ಲದೆ ಸುಟ್ಟುಹೋಗುತ್ತಿತ್ತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಬೇರೊಬ್ಬ ಡಾಕ್ಟರು ನೋಡಿ, “ಆರಂಭದಲ್ಲೇ ಬಂದಿದ್ದರೆ ಇದನ್ನು ಉಳಿಸಬಹುದಿತ್ತು,” ಎಂದಷ್ಟೇ ಹೇಳಿದರು. ಇನ್ನೊಂದು ವರ್ಷದಲ್ಲಿ ಅವಳಿಗೆ ಹಗಲು ಯಾವುದು ಎಂದು ತಿಳಿಯುತ್ತಿತ್ತು, ಮತ್ತೇನೂ ಇಲ್ಲ.

ಅತ್ತೆ ತಾನಾಗಿಯೇ ಯಳಂದೂರಿಗೆ ಹೋಗುತ್ತೇನೆಂದಳು. ತಂದೆ ಎಷ್ಟು ಹೇಳಿದರೂ ಕೇಳಲಿಲ್ಲ. “ಈ ಮನ ಗೋಡೆ ಒಡ್ದು ಒಡ್ದು ಬದ್ಲಾಯಿಸ್ಬುಟ್ಟಿದ್ದೀಯ ನೀನು. ಆ ಮನಗ ನಾನು ಮದುವಣಗಿತ್ತಿಯಾಗಿ ತಲ ತಗ್ಗಿಸ್ಕಂಡು ಹೋದವ್ಳು. ನೆಲ ನೋಡ್ಕಂಡೇ ಇದ್ದವ್ಳು. ಮೆಟ್ಲು ಎಷ್ಟು, ಹೊಸ್ಲು ಎಷ್ಟು ಅಂತ ನನ್ ಕಾಲ್ಗ ಗೊತ್ತು,” ಎಂದಳು. ಮೈದುನನ ಮನೆಯವರು ಪ್ರೀತಿಯಿಂದ ಕರೆದುಕೊಂಡು ಹೋದರು.

ಅವಳು ಹೋದ ಮೇಲೆ ನಾನು ಪುಸ್ತಕದ ಪ್ರತಿಗಳಿದ್ದ ಶಾಲೆಗಳಿಗೆ ಒಂದೊಂದಾಗಿ ಹೋದೆ. ಬಳೆಯ ಆ ನಾಲ್ಕು ಸಾಲನ್ನು ಪ್ರತಿಯೊಂದರಲ್ಲೂ ಇಂಡಿಯನ್ ಇಂಕಿನಿಂದ ಹೊಡೆದು, ಅಂಚಿನಲ್ಲಿ ಕೈಯಿಂದ ಬರೆದೆ: “ದೀಪದ ಸುತ್ತ ಬಣ್ಣದ ಬಳೆ ಯಾರಿಗಾದರೂ ಕಂಡರೆ ಅದು ಕಣ್ಣಿನ ಕಾಯಿಲೆಯಿರಬಹುದು. ಕೂಡಲೇ ಮನೆಯವರಿಗೆ ಹೇಳಿ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ.” ಯಾಕೆ ಎಂದು ಮೇಷ್ಟರುಗಳು ಕೇಳಿದರೆ ಅಚ್ಚಿನ ತಪ್ಪು ಎಂದೆ. ಆಗಲೂ.

ಎಪ್ಪತ್ತರ ದಶಕದ ಆರಂಭ. ನನಗೆ ಮದುವೆ ನಿಶ್ಚಯವಾಗಿತ್ತು. ಹೇಳಿಬರಲು ಯಳಂದೂರಿಗೆ ಹೋದೆ. ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದಳು. ನನ್ನ ಕೈ, ಬಳೆ, ಜಡೆ ಎಲ್ಲ ಮುಟ್ಟಿ ನೋಡಿದಳು. “ಸಣ್ಣ ಆಗ್ಬುಟ್ಟಿದ್ದೀ. ಆ ವರ ಏನು ಸೌದೆ ಎತ್ಕ ಹೋಗಕ್ಕಾ ಬತ್ತನ?” ಎಂದು ನಗಿಸಿದಳು. ಆಮೇಲೆ, “ಪುಸ್ತಕ ತಂದಿದ್ದೀಯಾ? ಬೆಳಕಿನ್ ಪುಟ ಓದು,” ಎಂದಳು.

ಬ್ಯಾಗಿನಲ್ಲಿ ಪುಸ್ತಕವಿತ್ತು. ಹಳೆಯ ಸಾಲುಗಳು ನನಗೆ ಬಾಯಿಪಾಠ. ಅವನ್ನೇ ಓದಬಹುದಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ. ಅಂಚಿನಲ್ಲಿ ನಾನು ಬರೆದದ್ದನ್ನು ಓದಿದೆ.

ಅವಳ ಬೆರಳುಗಳು ನಿಂತವು.

“ಇದು ಮೊದ್ಲಿದ್ದದ್ದಲ್ಲ.”

“ಅಲ್ಲ ಅತ್ತೆ. ಬದಲಾಯಿಸಿದೆ.” ಪುಸ್ತಕ ಮುಚ್ಚಿದೆ. “ಅವತ್ತು ಹನೂರಲ್ಲಿ ನೀನು ಯಾಕೆ ನಾಲ್ಕು ದಿನ ಅಂದೆ?”

“ಬಾಯ್ಗ ಬಂತು. ಎರಡ್ ವರ್ಸ ಅಂದ್ರ ಆ ಡಾಕ್ಟ್ರು ನಿಂಗ ಬಯ್ತನೇನೋ ಅಂತ. ನಿನ್ ಐಕ್ಳೆಲ್ಲ ನಿಂತಿದ್ರಲ್ಲ.” ಒಂದು ಬೀಜ ಬಿಡಿಸಿ ಪಕ್ಕಕ್ಕಿಟ್ಟಳು. “ಅಂದ್ಬುಟ್ಟು ಕಾಯ್ತಾ ಇದ್ದೆ ನಾನು.”

“ಏನನ್ನ?”

“ಇಲ್ಲ ಸಾ, ಇವ್ಳ್ಗ ಗೊತ್ತಿಲ್ಲ, ನಾನು ಬರ್ದಿಟ್ಟಿವ್ನಿ ಅಂತ ನೀನು ಏಳ್ತೀಯ ಅಂತ. ಓದಿರವ್ಳು ನೀನು. ನನ್ ಮಾತು ಸುಳ್ಳು ಮಾಡ್ತೀಯ ಅಂತ ಅನ್ಕಂಡಿದ್ದಿ.”

ಅವಳ ಮೊಣಕಾಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವಳು ಅಳಬೇಡ ಎನ್ನಲಿಲ್ಲ. ಹುಣಸೆಯ ಕೈ ನನ್ನ ತಲೆಗೆ ತಾಗದಂತೆ ದೂರ ಹಿಡಿದುಕೊಂಡು, ಮೊಣಕೈಯಿಂದ ನನ್ನ ಬೆನ್ನು ಸವರಿದಳು. ಸ್ವಲ್ಪ ಹೊತ್ತಾದ ಮೇಲೆ, “ಏಳು, ಬಸ್ಸಿಗ ಒತ್ತಾಯ್ತದ. ಮುದ್ದೆ ಆರೋಯ್ತದ, ಉಣ್ಣು,” ಎಂದಳು. ಉಂಡೆ. ಕಾಲಿಗೆ ನಮಸ್ಕಾರ ಮಾಡಿದೆ. ಒಳ್ಳೆಯದಾಗಲಿ ಎಂದಳು, ಮನೆ ತುಂಬುವಂತೆ ದನಿ ಎತ್ತರಿಸಿ.

ಮದುವೆಗೆ ಅವಳು ಬರಲಿಲ್ಲ, ಜ್ವರವಿತ್ತು. ಆ ಮಳೆಗಾಲದಲ್ಲೇ ತೀರಿಕೊಂಡಳು. ನಾನು ಅವಳನ್ನು ನೋಡಿದ್ದು ಆ ಮಧ್ಯಾಹ್ನವೇ ಕೊನೆ. ಬೀದಿಗಿಳಿದು ಹತ್ತು ಹೆಜ್ಜೆ ಹೋಗಿ ತಿರುಗಿದೆ. ಬೀದಿಯ ಇನ್ನೊಂದು ತುದಿಯ ಕಡೆಗೆ ಬಳೆಗಾರನದೋ ಯಾರದೋ ಗಾಡಿ ಸಾಗುತ್ತಿತ್ತು. ಅದರ ಸದ್ದಿಗೆ ನಾನು ಆ ಕಡೆ ಹೋಗುತ್ತಿದ್ದೇನೆ ಎಂದುಕೊಂಡು, ಅತ್ತೆ ಜಗಲಿಯ ಕಂಬ ಹಿಡಿದು ಆ ಕಡೆಗೆ ಮುಖ ಮಾಡಿ ಕೈಯಾಡಿಸುತ್ತಿದ್ದಳು. ಅವಳ ಬೆನ್ನು ನನ್ನ ಕಡೆಗಿತ್ತು. ಅತ್ತೆ, ಇಲ್ಲಿದ್ದೇನೆ ಎಂದು ಕೂಗಬೇಕೆಂದುಕೊಂಡೆ. ಗಾಡಿ ಮೂಲೆ ತಿರುಗುವವರೆಗೆ ಅವಳು ಕೈಯಾಡಿಸುತ್ತಲೇ ಇದ್ದಳು, ನಾನು ನಿಂತೇ ಇದ್ದೆ.